ರಾತ್ರಿಯ ಗುಡುಗು ಮಳೆ ಕಾಯುವ ಗೆಳೆಯನಿಗೊಂದು ಪತ್ರ

ಪ್ರಿಯ ಪೊನ್ನಪ್ಪ,

ಕಣದಲ್ಲಿ ಕಾಳುಮೆಣಸು ಹರವಿದ್ದೀಯ. ಬ್ಯಾಕಿಂಗ್‌ಗೆ, ಅಂದರೆ ಕಾಫಿ ಹೂ ಬಿಟ್ಟ ಮೇಲೆ ಕೊಡುವ ಎರಡನೇ ನೀರಿಗೆ, ಸ್ಪ್ರಿಂಕ್ಲರ್ ಹಾಕುವುದೋ ಮಳೆಗೆ ಕಾಯುವುದೋ ಎಂದು ಕೇಳಿದ್ದೀಯ. ರಾತ್ರಿ ಹನ್ನೆರಡರವರೆಗೆ ಫೋನ್ ಹಿಡಿದು ಕೂತರೂ ಮಳೆ ಬರುತ್ತದೋ ಇಲ್ಲವೋ ತಿಳಿಯುತ್ತಿಲ್ಲ ಎಂದೂ ಬರೆದಿದ್ದೀಯ. ನೀನು ನೋಡುತ್ತಿರುವುದು ಮೋಡದ ಚಿತ್ರ. ಕೊಡಗಿನಲ್ಲಿ ರಾತ್ರಿ ಹೊತ್ತು ಅದೊಂದನ್ನೇ ನಂಬಿದರೆ ನಿದ್ದೆಯೂ ಕೆಡುತ್ತದೆ, ಮೆಣಸೂ ನೆನೆಯುತ್ತದೆ. ಮಿಂಚಿನ ನಕ್ಷೆ ನೋಡು. ಕೊನೆಯ ಅರ್ಧ ಗಂಟೆಗೆ ಕಣದಲ್ಲಿ ಬೀಸುವ ಗಾಳಿಯನ್ನು ನಂಬು.

ಮೊದಲು ರೇಡಾರ್ ವಿಚಾರ, ಎಲ್ಲರೂ ಅದನ್ನೇ ಕೇಳುತ್ತಾರೆ. ಕೊಚ್ಚಿಯ ಡಾಪ್ಲರ್ ರೇಡಾರ್ ಮಡಿಕೇರಿಯಿಂದ ನೇರ ಲೆಕ್ಕದಲ್ಲಿ ಸುಮಾರು 280 ಕಿಲೋಮೀಟರ್ ದೂರ. ಅದರ ಕಿರಣ ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟರೂ ಭೂಮಿ ಬಾಗಿರುವುದರಿಂದ ನಮ್ಮ ತಲೆಯ ಮೇಲೆ ಬರುವಷ್ಟರಲ್ಲಿ ಸಮುದ್ರಮಟ್ಟದಿಂದ ಸುಮಾರು ಏಳು ಕಿಲೋಮೀಟರ್ ಎತ್ತರ ಮುಟ್ಟಿರುತ್ತದೆ. ಅಂದರೆ ಗುಡುಗು ಮೋಡದ ಮೇಲರ್ಧ ಮಾತ್ರ ಅದಕ್ಕೆ ಕಾಣುತ್ತದೆ, ಕೆಳಗೆ ಸುರಿಯುತ್ತಿರುವ ಮಳೆ ಕಾಣುವುದಿಲ್ಲ. ಅಷ್ಟು ಎತ್ತರಕ್ಕೆ ಬೆಳೆಯದ ಮೋಡದಿಂದ ಮುಕ್ಕಾಲು ಇಂಚು ಬಿದ್ದರೂ ಆ ಪರದೆ ಖಾಲಿಯೇ ಇರುತ್ತದೆ. ಪರದೆ ಖಾಲಿಯಿದೆ ಎಂದು ಮಲಗಬೇಡ.

ಇನ್ನು ಉಪಗ್ರಹ. ಹವಾಮಾನ ಇಲಾಖೆಯ ಇನ್ಸಾಟ್ ಚಿತ್ರಗಳಲ್ಲಿ ರಾತ್ರಿ ಉಪಯೋಗಕ್ಕೆ ಬರುವುದು ಇನ್‌ಫ್ರಾರೆಡ್. ಅದು ತೋರಿಸುವುದು ಮೋಡದ ತುದಿ ಎಷ್ಟು ತಣ್ಣಗಿದೆ ಎಂಬುದನ್ನು. ತುದಿ ಎತ್ತರಕ್ಕೆ ಹೋದಷ್ಟೂ ತಣ್ಣಗೆ, ತಣ್ಣಗಾದಷ್ಟೂ ಚಿತ್ರದಲ್ಲಿ ಬೆಳ್ಳಗೆ. ಎಡವಟ್ಟಾಗುವುದು ಇಲ್ಲೇ. ಮಧ್ಯಾಹ್ನ ಮೈಸೂರು, ಎಚ್.ಡಿ. ಕೋಟೆ ಕಡೆ ಎದ್ದ ಮೋಡ ಸುರಿದು ಮುಗಿದ ಮೇಲೂ ಅದರ ತುದಿಯ ಚಪ್ಪಟೆ ಹಿಮಮೋಡ ಗಂಟೆಗಟ್ಟಲೆ ಆಕಾಶದಲ್ಲಿ ಹರಡಿಕೊಂಡಿರುತ್ತದೆ. ಒಳಗೆ ಮೇಲೇಳುವ ಗಾಳಿ ಇಲ್ಲ, ಮಳೆ ಇಲ್ಲ, ಆದರೆ ಚಿತ್ರದಲ್ಲಿ ಅರ್ಧ ಕೊಡಗು ಬೆಳ್ಳಗೆ. ಬದುಕಿರುವ ಮೋಡದ ಗುರುತು ಬೇರೆ. ಅದರ ಒಂದು ಅಂಚು, ಹೆಚ್ಚಾಗಿ ಗಾಳಿ ಬರುವ ಕಡೆಯದು, ಕತ್ತರಿಸಿದಂತೆ ಚೂಪಾಗಿರುತ್ತದೆ. ಮುಂದಿನ ಚಿತ್ರದಲ್ಲಿ ಅತ್ಯಂತ ತಣ್ಣನೆಯ ಚುಕ್ಕೆ ಅದೇ ಅಂಚಿನ ಬಳಿ ಮತ್ತೆ ಮೂಡುತ್ತದೆ. ನಾಲ್ಕೂ ಕಡೆ ಅಂಚು ಮಸುಕಾಗಿ ಹರಡುತ್ತಿದ್ದರೆ ಆ ಮೋಡದ ಆಟ ಮುಗಿಯಿತು ಎಂದೇ ತಿಳಿ.

ಚಿತ್ರದ ಮೇಲಿರುವ ಸಮಯ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಅದಕ್ಕೆ ಐದೂವರೆ ಗಂಟೆ ಕೂಡಿಸು. 15:00 ಎಂದಿದ್ದರೆ ನಮ್ಮ ರಾತ್ರಿ ಎಂಟೂವರೆ. ಅದು ನಿನ್ನ ಕೈಗೆ ಬರುವಾಗ ಸ್ವಲ್ಪ ಹಳೆಯದಾಗಿಯೇ ಬರುತ್ತದೆ, ಅಷ್ಟರಲ್ಲಿ ಮೋಡ ಹತ್ತು ಹದಿನೈದು ಕಿಲೋಮೀಟರ್ ಮುಂದೆ ಬಂದಿರಬಹುದು. ಇನ್ನೊಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ನೀನು ನೋಡುವ ಆ್ಯಪ್ ಯುರೋಪಿನ ಮೀಟಿಯೊಸ್ಯಾಟ್ ಉಪಗ್ರಹದ ಚಿತ್ರ ತೋರಿಸುತ್ತಿದ್ದರೆ, ಆ ಉಪಗ್ರಹ ನಮ್ಮಿಂದ ಬಹಳ ಪಶ್ಚಿಮಕ್ಕೆ, 45.5 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಓರೆಯಾಗಿ ನೋಡುವುದರಿಂದ 15 ಕಿಲೋಮೀಟರ್ ಎತ್ತರದ ಮೋಡದ ತುದಿ ನಿಜವಾದ ಜಾಗಕ್ಕಿಂತ ಹತ್ತು ಹನ್ನೊಂದು ಕಿಲೋಮೀಟರ್ ಪೂರ್ವಕ್ಕೆ ಸರಿದಂತೆ ಕಾಣುತ್ತದೆ. ಮೂಡಣದಿಂದ ಬರುವ ಮಳೆ ಚಿತ್ರದಲ್ಲಿ ಕಾಣುವುದಕ್ಕಿಂತ ಅಷ್ಟು ಹತ್ತಿರವಿದೆ ಎಂದರ್ಥ. 74 ಡಿಗ್ರಿಯಲ್ಲಿರುವ ಇನ್ಸಾಟ್-3ಡಿಆರ್ ಚಿತ್ರದಲ್ಲಿ ಈ ತೊಂದರೆ ಕಡಿಮೆ, ನಾಲ್ಕು ಕಿಲೋಮೀಟರಿನಷ್ಟು ಉತ್ತರಕ್ಕೆ ಸರಿದಿರುತ್ತದೆ ಅಷ್ಟೇ.

ಮಿಂಚಿಗೆ ಈ ಮೋಸವಿಲ್ಲ. ಮೋಡದೊಳಗೆ ಗಾಳಿ ಜೋರಾಗಿ ಮೇಲೇಳುತ್ತಿದ್ದರೆ ಮಾತ್ರ ಸಣ್ಣ ಹಿಮದ ಹರಳುಗಳೂ ಮೆದು ಆಲಿಕಲ್ಲುಗಳೂ ಒಂದಕ್ಕೊಂದು ಬಡಿದು ವಿದ್ಯುತ್ತು ಬೇರ್ಪಡುತ್ತದೆ. ಏಳುವ ಗಾಳಿ ನಿಂತರೆ ಮಿಂಚೂ ಬೇಗನೆ ನಿಲ್ಲುತ್ತದೆ. ಜುಲೈಯಲ್ಲಿ ಭಾಗಮಂಡಲದಲ್ಲಿ ದಿನಕ್ಕೆ ಎಂಟು ಇಂಚು ಸುರಿದರೂ ಗುಡುಗು ಅಪರೂಪವಾಗಿರುವುದಕ್ಕೂ ಇದೇ ಕಾರಣ: ಮುಂಗಾರಿನ ಮೋಡದಲ್ಲಿ ನೀರು ಧಾರಾಳ, ಏಳುವ ಗಾಳಿಯ ರಭಸ ಕಡಿಮೆ. ಆದ್ದರಿಂದ ಈ ಕಾವಲೆಲ್ಲ ಮಾರ್ಚ್‌ನಿಂದ ಮೇವರೆಗೆ, ಮತ್ತೆ ಅಕ್ಟೋಬರ್‌ನಲ್ಲಿ.

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂನ ದಾಮಿನಿ ಆ್ಯಪ್ ಹಾಕಿಕೋ. ನಿನ್ನ ಸುತ್ತ 20 ಮತ್ತು 40 ಕಿಲೋಮೀಟರಿನ ಎರಡು ವೃತ್ತ ಇರುತ್ತದೆ, ಕಳೆದ ಐದು, ಹತ್ತು, ಹದಿನೈದು ನಿಮಿಷದ ಸಿಡಿಲು ಬೇರೆ ಬೇರೆ ಬಣ್ಣದಲ್ಲಿ ಬೀಳುತ್ತದೆ. ಕರ್ನಾಟಕದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಕೂಡ ಇದೆ. ಬ್ಲಿಟ್ಸ್‌ಓರ್ಟುಂಗ್ ಎಂಬ ಹವ್ಯಾಸಿಗಳ ಜಾಲದ ನಕ್ಷೆ ನೋಡಲು ಚೆಂದ, ಆದರೆ ನಮ್ಮ ಕಡೆ ಅದರ ರಿಸೀವರ್‌ಗಳು ವಿರಳ. ಹಾಗಾಗಿ ಎಷ್ಟೋ ಸಿಡಿಲು ಅದಕ್ಕೆ ಸಿಗುವುದಿಲ್ಲ, ಸಿಕ್ಕಿದ್ದೂ ಜಾಗ ತಪ್ಪಿ ಬೀಳುತ್ತದೆ. ದಿಕ್ಕು ನೋಡಲು ಸಾಕು, ದೂರ ಅಳೆಯಲು ಬೇಡ.

ಲೆಕ್ಕ ಹೀಗೆ. ಎಂಟು ಗಂಟೆಗೆ ಬಿಳಿಕೆರೆಯ ಮೇಲಿದ್ದ ಮಿಂಚಿನ ಗುಂಪು ಎಂಟೂವರೆಗೆ ಹುಣಸೂರಿಗೆ ಬಂತು ಎಂದಿಟ್ಟುಕೋ. ಅರ್ಧ ಗಂಟೆಗೆ ಹದಿನೆಂಟು ಕಿಲೋಮೀಟರ್ ಆಸುಪಾಸು, ಗಂಟೆಗೆ ಮೂವತ್ತೈದು. ಹುಣಸೂರಿನಿಂದ ನಿನ್ನ ಸಿದ್ದಾಪುರ ನೇರ 45 ಕಿಲೋಮೀಟರ್. ಇದೇ ದಾರಿ ಹಿಡಿದರೆ ಒಂಬತ್ತೂ ಮುಕ್ಕಾಲಿಗೆ ನಿನ್ನ ಮೇಲಿರುತ್ತದೆ. ಒಂದೊಂದು ಸಿಡಿಲಿನ ಹಿಂದೆ ಹೋಗಬೇಡ, ಗುಂಪಿನ ನಡುಭಾಗ ನೋಡು. ಹತ್ತು ನಿಮಿಷಕ್ಕೊಮ್ಮೆ ಎಷ್ಟು ಬಿತ್ತು ಎಂದು ಎಣಿಸು. ಹೆಚ್ಚುತ್ತಿದ್ದರೆ ಎಚ್ಚರವಿರು. ನಾಗರಹೊಳೆ ಕಾಡು ದಾಟುವಾಗ ಅರ್ಧಕ್ಕರ್ಧ ಇಳಿದಿದ್ದರೆ ನಿನ್ನಲ್ಲಿಗೆ ಬರುವುದು ಬರೀ ತಂಗಾಳಿ ಇರಬಹುದು. ಮಳೆ ಯಾವಾಗಲೂ ಮೂಡಣದಿಂದಲೇ ಬರುತ್ತದೆ ಎಂದೂ ಇಲ್ಲ. ಸಂಜೆ ವಿಂಡಿ ಆ್ಯಪ್‌ನಲ್ಲಿ 700 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ), ಅಂದರೆ ಮೂರು ಕಿಲೋಮೀಟರ್ ಎತ್ತರದ ಗಾಳಿ ಯಾವ ದಿಕ್ಕಿನದು ಎಂದು ನೋಡಿಟ್ಟುಕೋ. ಮೋಡ ಹೆಚ್ಚುಕಡಿಮೆ ಆ ದಾರಿಯನ್ನೇ ಹಿಡಿಯುತ್ತದೆ. ಆದರೆ ಅದೇ ಆ್ಯಪ್ ಇಂತಿಷ್ಟು ಗಂಟೆಗೆ ನಿನ್ನ ತೋಟದಲ್ಲಿ ಇಷ್ಟು ಮಳೆ ಎಂದರೆ ನಂಬಬೇಡ. ಅದರೊಳಗಿನ ಒಳ್ಳೆಯ ಮಾದರಿಗೂ ಒಂದು ಚೌಕ ಎಂದರೆ ಒಂಬತ್ತು ಕಿಲೋಮೀಟರ್. ಒಂದೊಂದು ಮೋಡ ಎಲ್ಲಿ ಸುರಿಯುತ್ತದೆ ಎಂದು ಅದು ಹೇಳಲಾರದು.

ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಗಾಳಿ ಎದ್ದರೆ ಕರೆಂಟು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಸುಮ್ಮನಾಗುತ್ತದೆ. ಆಗ ಕಣ್ಣು ಬೇಕು. ಮೂಡಣ ದಿಕ್ಕು ತೆರೆದಿರುವ ಜಾಗದಲ್ಲಿ ಕೈ ನೀಡಿ ಮುಷ್ಟಿ ಹಿಡಿ, ಒಂದು ಮುಷ್ಟಿಯ ಎತ್ತರ ಹತ್ತು ಡಿಗ್ರಿ. ಮಿಂಚಿದಾಗ ಬೆಳಗುವ ಮೋಡದ ತುದಿ ದಿಗಂತದಿಂದ ಒಂದು ಮುಷ್ಟಿ ಮೇಲಿದ್ದರೆ ಮೋಡ ಎಂಬತ್ತು ಕಿಲೋಮೀಟರ್ ಆಚೆ. ಎರಡು ಮುಷ್ಟಿ ಇದ್ದರೆ ನಲವತ್ತು, ಮೂರಾದರೆ ಇಪ್ಪತ್ತೈದು. ಮೋಡ ಹದಿನೈದು ಕಿಲೋಮೀಟರ್ ಎತ್ತರ ಬೆಳೆದಿದೆ ಎಂಬ ಅಂದಾಜಿನ ಲೆಕ್ಕ ಇದು. ಸಿಲ್ವರ್ ಓಕ್ ಸಾಲನ್ನೇ ದಿಗಂತ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಗುಡುಗು ಕೇಳಲು ಶುರುವಾದ ಮೇಲೆ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸು, ಕಿಲೋಮೀಟರ್ ಸಿಗುತ್ತದೆ.

ನಿನ್ನ ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ಒಂದೇ ಜಾಗದಲ್ಲಿ ಇಟ್ಟು ನೋಡು. ಒಂಬತ್ತು ಹತ್ತು ಮೀಟರ್ ಏರಿಳಿದರೆ ಒಂದು ಹೆಕ್ಟೊಪ್ಯಾಸ್ಕಲ್ ಬದಲಾಗುತ್ತದೆ, ಮನೆಯಿಂದ ಮೇಲಿನ ಗೋದಾಮಿಗೆ ಹತ್ತಿದರೂ ಸಾಕು. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ತಾನಾಗಿ ಏರಿಳಿಯುತ್ತದೆ. ಸಂಜೆ ನಾಲ್ಕಕ್ಕೆ ತಗ್ಗು, ರಾತ್ರಿ ಹತ್ತಕ್ಕೆ ಏರು, ನಡುವೆ ಎರಡು ಮೂರು ಹೆಕ್ಟೊಪ್ಯಾಸ್ಕಲ್ ನಿಧಾನಕ್ಕೆ ಹತ್ತುತ್ತದೆ. ಒತ್ತಡ ಏರಿತು, ಮಳೆ ದೂರವಾಯಿತು ಎಂದು ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ. ನೀನು ಕಾಯಬೇಕಾದ್ದು ಜಿಗಿತಕ್ಕೆ: ಹತ್ತು ನಿಮಿಷದೊಳಗೆ ಒಂದು ಹೆಕ್ಟೊಪ್ಯಾಸ್ಕಲ್ ಅಥವಾ ಹೆಚ್ಚು, ಜತೆಗೆ ಗಾಳಿ ದಿಕ್ಕು ಬದಲಿಸಿ ಮೈಗೆ ತಣ್ಣಗೆ ತಾಗುವುದು. ಮಳೆಯೊಳಗೆ ತಣ್ಣಗಾಗಿ ಕೆಳಗೆ ಬಿದ್ದ ಭಾರದ ಗಾಳಿ ನೆಲದ ಮೇಲೆ ಹರಡುತ್ತಾ ಬಂದಿದೆ ಎಂದರ್ಥ.

ಆ ತಂಗಾಳಿ ಬಂದಾಗ ಮಿಂಚು ಎಷ್ಟು ದೂರವಿದೆ ನೋಡು, ಎಲ್ಲಕ್ಕಿಂತ ಮುಖ್ಯವಾದ ಗುರುತು ಇದು. ಗುಡುಗು ಹದಿನೈದು ಸೆಕೆಂಡಿನೊಳಗಿದ್ದು ಗಾಳಿ ಬಂದರೆ ಹತ್ತು ನಿಮಿಷದಲ್ಲಿ ಮಳೆ ಹಿಡಿಯುವ ಸಂಭವ ಹೆಚ್ಚು. ಮಿಂಚು ಇನ್ನೂ ಇಪ್ಪತ್ತೈದು ಕಿಲೋಮೀಟರ್ ಆಚೆ ಇರುವಾಗಲೇ ತಂಗಾಳಿ ಬಂದುಬಿಟ್ಟರೆ, ಅದು ಮೋಡವನ್ನು ಹಿಂದಿಕ್ಕಿ ಓಡಿ ಬಂದಿದೆ. ಮೋಡಕ್ಕೆ ಬೇಕಾದ ಬಿಸಿ, ತೇವದ ಗಾಳಿಯನ್ನು ಅದರ ಕಾಲಬುಡದಲ್ಲೇ ಕಡಿದುಬಿಟ್ಟಿದೆ. ಆ ಮೋಡ ಸೊರಗುವುದೇ ಹೆಚ್ಚು. ಆದರೆ ಅದೇ ಗಾಳಿ ಗುಡ್ಡಕ್ಕೆ ತಾಗಿ ಮೇಲೆದ್ದರೆ ಅಲ್ಲಿ ಹೊಸ ಮೋಡ ಹುಟ್ಟಬಹುದು. ಅದಕ್ಕೇ ಇನ್ನೊಂದು ಅರ್ಧ ಗಂಟೆ ತಡಿಯಂಡಮೋಳ್ ಬೆಟ್ಟದ ಕಡೆಗೂ ಕಣ್ಣಿಡು.

ಈಗ ಮೆಣಸು. ಒಟ್ಟುಮಾಡಿ ಟಾರ್ಪಾಲು ಹೊದೆಸಿ ಅಂಚಿಗೆ ಕಲ್ಲಿಡಲು ಎಷ್ಟು ಹೊತ್ತು ಬೇಕೆಂದು ಹಗಲಲ್ಲೇ ಒಮ್ಮೆ ಮಾಡಿ ನೋಡು. ಅರ್ಧ ಗಂಟೆ ಬೇಕಾದರೆ ಅಷ್ಟರಲ್ಲಿ ಮೋಡ ಹದಿನೆಂಟು ಕಿಲೋಮೀಟರ್ ಬರುತ್ತದೆ. ಸಿಡಿಲು ಹತ್ತು ಕಿಲೋಮೀಟರಿಗೆ ಬರುವ ಮೊದಲು, ಅಂದರೆ ಗುಡುಗು ಮೂವತ್ತು ಸೆಕೆಂಡಿಗೆ ಬರುವ ಮೊದಲು, ಬಯಲಲ್ಲಿ ಯಾರೂ ಇರಕೂಡದು. ಹಾಗಾಗಿ ಗುಂಪು ಮೂವತ್ತು ಕಿಲೋಮೀಟರ್ ದೂರವಿರುವಾಗಲೇ ಜನ ಎಬ್ಬಿಸು. ಅದು ದಾಟಿ ಬಂದಿದ್ದರೆ ಮೆಣಸು ನೆನೆಯಲಿ ಬಿಡು, ಬಿಸಿಲಿಗೆ ಮತ್ತೆ ಒಣಗಿಸಬಹುದು. ಸ್ಪ್ರಿಂಕ್ಲರಿನ ಅಲ್ಯೂಮಿನಿಯಂ ಪೈಪು ಎತ್ತಲು ಆ ಹೊತ್ತಿಗೆ ಯಾರನ್ನೂ ಕಳಿಸಬೇಡ. ಸಿಲ್ವರ್ ಓಕ್ ಬುಡದಲ್ಲಿ, ಗೋಡೆಯಿಲ್ಲದ ಶೀಟ್ ಶೆಡ್ಡಿನಲ್ಲಿ ನಿಲ್ಲುವುದೂ ಬೇಡ. ಪಕ್ಕಾ ಮನೆ, ಇಲ್ಲವೇ ಲೋಹದ ಛಾವಣಿಯಿದ್ದು ಕಿಟಕಿ ಏರಿಸಿದ ಜೀಪು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ರೂಟರ್, ಇನ್ವರ್ಟರ್ ಪ್ಲಗ್ಗುಗಳನ್ನು ಮೊದಲೇ ಕಿತ್ತಿಡು. ಈ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೆ ಸರ್ಜ್ ಪ್ರೊಟೆಕ್ಟರ್ ಇದ್ದೂ ಪ್ರಯೋಜನ ಕಡಿಮೆ, ಅದಕ್ಕೆ ಆಗಾಗ ಎರಡು ಕೊಡ ನೀರು ಹಾಕಿಸು.

ಪಂಪಿನ ಪ್ರಶ್ನೆಗೆ ಮಳೆಮಾಪಕವೇ ಉತ್ತರ ಕೊಡಬೇಕು. ಕಣದ ನಡುವೆ, ಹತ್ತಿರದ ಮರದ ಎತ್ತರಕ್ಕೆ ಎರಡು ಪಟ್ಟು ದೂರದಲ್ಲಿ ಇಡು. ಬೆಳಿಗ್ಗೆ ಎಂಟೂವರೆಗೆ ಓದು. ಒಂದು ಮಿಲಿಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಸೆಂಟ್, ಇಂಚಿನ ನೂರನೇ ಒಂದು ಭಾಗವೇ ಸೆಂಟ್. ಒಂದಿಂಚು ದಾಟಿದ್ದರೆ ರೊಬಸ್ಟಾ ಕಾಫಿಗೆ ಈ ಸಲದ ಡೀಸೆಲ್ ಉಳಿಯಿತು. ಮೂವತ್ತು ನಲವತ್ತು ಸೆಂಟ್ ಮಾತ್ರ ಬಿದ್ದಿದ್ದರೆ ಮಣ್ಣಿನ ಮೇಲ್ಪದರ ನೆನೆದದ್ದು ಬಿಟ್ಟರೆ ಬೇರಿಗೆ ಹೆಚ್ಚೇನೂ ಇಳಿದಿರುವುದಿಲ್ಲ, ಉಳಿದ ನೀರನ್ನು ಸ್ಪ್ರಿಂಕ್ಲರಿನಲ್ಲೇ ಕೊಡಬೇಕು. ಕೊಟ್ಟ ನೀರು, ಬಂದ ಮಳೆ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡು, ಮುಂದಿನ ಪತ್ರದಲ್ಲಿ ಆ ಪುಟದ ಫೋಟೊ ಕಳಿಸು.

ಇಂತಿ ನಿನ್ನ ಗೆಳೆಯ,
ಮಡಿಕೇರಿ