ಪೇಟಿ ಕಾಯುತ್ತದೆ

ಪ್ರೀತಿಯ ಗೆಳೆಯಾ,

ಹೊಸ ಸಂಗೀತ ನಾಟಕ ಹೇಗಿದೆ ಅಂತ ಕೇಳಿದ್ದೆ. ಚೆನ್ನಾಗಿದೆ ಕಣೋ, ತುಂಬಾ ಚೆನ್ನಾಗಿದೆ. ಫೋನಿನಲ್ಲಿ ಎರಡು ಮಾತಿಗೆ ಮುಗಿಸಲು ಮನಸ್ಸು ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ನಿಮ್ಮ ತಂಡದ ನಾಟಕಕ್ಕೆ ಹಾಡುಗಳನ್ನೆಲ್ಲ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ ಟ್ರ್ಯಾಕ್ ಹಾಕುತ್ತೇವೆ ಅಂದೆಯಲ್ಲ, ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಈ ನಾಟಕ ನೋಡಿದ ಮೇಲಂತೂ ನಿನ್ನನ್ನು ತಡೆಯಲೇಬೇಕು ಅನ್ನಿಸಿದೆ.

ಕಥೆ ಹೇಳಿ ಕೆಡಿಸುವುದಿಲ್ಲ. ಜಾತ್ರೆಗೆ ಬಂದು ಕ್ಯಾಂಪ್ ಹಾಕಿದ ಒಂದು ನಾಟಕ ಕಂಪನಿ, ಅದರಲ್ಲಿ ಹಾಡುವ ಒಬ್ಬ ಹೆಂಗಸು, ಟೆಂಟಿನ ಕೆಲಸಕ್ಕೆ ಬಂದ ಊರಿನ ಬಡಗಿ. ಇಷ್ಟು ಸಾಕು. ಕಥೆಯಲ್ಲಿ ಅಂಥ ಹೊಸತನವೇನೂ ಇಲ್ಲ. ಹೊಸತು ಇರುವುದು ಹಾಡು ಹುಟ್ಟುವ ರೀತಿಯಲ್ಲಿ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸಾಮಾನ್ಯವಾಗಿ ನಮ್ಮ ನಾಟಕಗಳಲ್ಲಿ ಹಾಡು ಬರುತ್ತದೆ ಅಂದರೆ ಎಲ್ಲರಿಗೂ ಮೊದಲೇ ಗೊತ್ತಾಗಿಬಿಡುತ್ತದೆ. ಪಾತ್ರಧಾರಿ ಮುಂದೆ ಬಂದು ನಿಲ್ಲುತ್ತಾನೆ, ಲೈಟು ಬದಲಾಗುತ್ತದೆ, ಹಾಡಿಗೆ ಮುಂಚಿನ ವಾದ್ಯದ ತುಣುಕು, ಒಂದು ದೊಡ್ಡ ಬಿಟ್, ನುಡಿಯುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ.

ಅದರ ಗುಟ್ಟು ವೇದಿಕೆಯ ಎಡಗಡೆ ಕೂತಿದೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಹುಡುಗಿ. ಪ್ರೇಕ್ಷಕರಿಗೆ ಅರ್ಧ ಬೆನ್ನು ಹಾಕಿಕೊಂಡು ಕೂರುತ್ತಾಳೆ. ಕಾಲು ಪೇಟಿ ಅಲ್ಲ, ಸಾಧಾರಣ ಕೈ ಪೇಟಿ. ನಾನು ಎರಡನೇ ಸಲ ಹೋದಾಗ ಬೇಕಂತಲೇ ಅವಳು ಕಾಣುವ ಕಡೆ ಜಾಗ ಹಿಡಿದೆ. ಪಾತ್ರಧಾರಿಗಳನ್ನು ಬಿಟ್ಟು ಅವಳನ್ನೇ ನೋಡುತ್ತಾ ಕೂತೆ. ಅವಳ ಕಣ್ಣು ಪೇಟಿಯ ಮನೆಗಳ ಮೇಲೆ, ಬೆರಳು ಒತ್ತುವ ಆ ಕಪ್ಪು ಬಿಳಿ ಪಟ್ಟಿಗಳ ಮೇಲೆ, ಇರುವುದೇ ಇಲ್ಲ. ಹಾಡಬೇಕಾದವರ ಹೆಗಲ ಮೇಲೆ ಇರುತ್ತದೆ. ಉಸಿರು ಎಳೆದುಕೊಳ್ಳುವಾಗ ಹೆಗಲು ಒಂಚೂರು ಏರುತ್ತದಲ್ಲ, ಅದಕ್ಕೆ ಕಾಯುತ್ತಾಳೆ. ಮಾತು ಮುಗಿಯಲು ಇನ್ನೂ ಎರಡು ಪದ ಇರುವಾಗಲೇ ಗಾಳಿ ತುಂಬುವ ತಿದಿಯನ್ನು ಮೆಲ್ಲಗೆ ಒತ್ತಿ ಒಂದೇ ಒಂದು ಸ್ವರ ಹಿಡಿಯುತ್ತಾಳೆ. ಎಷ್ಟು ಸಣ್ಣಗೆ ಅಂದರೆ ಮೂರನೇ ಸಾಲಿನವರಿಗೆ ಕೇಳಿಸುತ್ತದೋ ಇಲ್ಲವೋ. ಪಾತ್ರಧಾರಿಗೆ ಕೇಳಿಸಿದರೆ ಆಯಿತು, ಅಷ್ಟೇ ಅವಳಿಗೆ ಬೇಕಾಗಿರುವುದು. ಆಮೇಲೆ ಹೆಗಲು ಏರುತ್ತದೆ, ದನಿ ಬರುತ್ತದೆ, ಅದರ ಹಿಂದೆಯೇ ಬೆರಳು.

ಇನ್ನೊಂದು ಸಂಗತಿ ಕೇಳು. ನಿನಗೆ ಇದು ಇಷ್ಟವಾಗುತ್ತದೆ. ನಾಯಕನ ಶ್ರುತಿ ಕಪ್ಪು ಒಂದು, ಅಂದರೆ ಪೇಟಿಯ ಮೊದಲ ಕಪ್ಪು ಮನೆ. ನಾಯಕಿಯದು ಕಪ್ಪು ನಾಲ್ಕು. ಇಬ್ಬರೂ ಹಂಚಿಕೊಂಡು ಹಾಡಬೇಕಾದ ಒಂದು ಹಾಡಿದೆ. ಇಂಥ ಕಡೆ ನಾವೆಲ್ಲ ಏನು ಮಾಡುತ್ತೇವೆ? ನಡುವೆ ಯಾವುದೋ ಶ್ರುತಿ ಹಿಡಿಯುತ್ತೇವೆ. ಅವನು ಮೇಲಕ್ಕೆ ಹೋದಾಗ ಕಿರುಚುತ್ತಾನೆ, ಅವಳು ಕೆಳಗೆ ಇಳಿದಾಗ ದನಿಯೇ ಹೊರಡುವುದಿಲ್ಲ. ಇಬ್ಬರಿಗೂ ಅನ್ಯಾಯ. ಇವರು ಹಾಗೆ ಮಾಡಿಲ್ಲ. ಅವನ ಪಂಚಮವೇ (ಪ) ಅವಳ ಷಡ್ಜ (ಸ), ಅಲ್ವಾ? ಅವನು ತನ್ನ ಸಾಲನ್ನು ಪಂಚಮದ ಮೇಲೆ ತಂದು ನಿಲ್ಲಿಸುತ್ತಾನೆ. ಪೇಟಿ ಆ ಸ್ವರವನ್ನು ಬಿಡುವುದಿಲ್ಲ. ಅದರ ಮೇಲೆ ಇಬ್ಬರದೂ ನಾಲ್ಕಾರು ಮಾತು ನಡೆಯುತ್ತದೆ. ಟೆಂಟಿನ ಗೂಟದ ಬಗ್ಗೆ, ಮಳೆಯ ಬಗ್ಗೆ, ಸುಮ್ನೆ ಏನೇನೋ. ಅವಳು ಹಾಡಲು ಬಾಯಿ ತೆರೆದಾಗ ಅದೇ ಸ್ವರ ಅವಳ ಷಡ್ಜವಾಗಿ ಕಾದಿರುತ್ತದೆ. ಅವನು ಎಲ್ಲಿ ಬಿಟ್ಟನೋ ಅಲ್ಲಿಂದ ಅವಳು ಎತ್ತಿಕೊಳ್ಳುತ್ತಾಳೆ. ನಾಟಕದ ಆ ಹೊತ್ತಿಗೆ ಇಬ್ಬರೂ ಮನಸ್ಸು ಬಿಚ್ಚಿ ಒಂದು ಮಾತೂ ಆಡಿರುವುದಿಲ್ಲ. ಆದರೂ ಕೂತವರಿಗೆಲ್ಲ ಗೊತ್ತಾಗಿಹೋಗುತ್ತದೆ.

ಈಗ ಹೇಳು, ಆ ನಾಲ್ಕಾರು ಮಾತಿಗೆ ಎಷ್ಟು ಸೆಕೆಂಡ್ ಅಂತ ಸ್ಟುಡಿಯೋದಲ್ಲಿ ಹೇಗೆ ತೀರ್ಮಾನ ಮಾಡುತ್ತೀಯಾ? ಮೊದಲ ಸಲ ನಾನು ನೋಡಿದಾಗ ಗೂಟದ ಮಾತಿಗೆ ಜನ ಜೋರಾಗಿ ನಕ್ಕರು. ನಗು ಇಳಿಯುವವರೆಗೂ ನಾಯಕಿ ತಡೆದರು. ಪೇಟಿಯೂ ತಡೆಯಿತು. ಇನ್ನೊಂದು ದಿನ ಅದೇ ಮಾತಿಗೆ ಯಾರೂ ನಗಲಿಲ್ಲ. ಆ ದಿನ ನಾಯಕಿ ಮಾತನ್ನು ಬೇಗ ಮುಗಿಸಿ, ಹಾಡನ್ನು ತುಂಬಾ ನಿಧಾನಕ್ಕೆ ಎತ್ತಿದರು. ಹಾಡಿನ ಬಣ್ಣವೇ ಬೇರೆಯಾಯಿತು. ತಮಾಷೆಯಾಗಿದ್ದದ್ದು ದುಃಖವಾಯಿತು. ಎರಡೂ ಸರಿಯೇ. ಟ್ರ್ಯಾಕ್ ಇದ್ದಿದ್ದರೆ ಎರಡೂ ಆಗುತ್ತಿರಲಿಲ್ಲ. ಪಾತ್ರಧಾರಿಗಳು ಟ್ರ್ಯಾಕಿನ ಹಿಂದೆ ಓಡಬೇಕು. ಬಿಟ್ ಶುರುವಾಗುವ ಮೊದಲು ಮಾತು ಮುಗಿಸಬೇಕು ಅನ್ನುವ ಅವಸರ ಅವರ ಮುಖದ ಮೇಲೇ ಕಾಣುತ್ತದೆ. ನೀನೂ ಅಂಥ ನಾಟಕಗಳನ್ನು ನೋಡಿದ್ದೀಯಾ.

ನಮ್ಮಲ್ಲಿ ಇದು ಇವತ್ತಿನ ವಿದ್ಯೆಯೂ ಅಲ್ಲ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಶುರುವಾಯಿತು. ಆಮೇಲೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ಆನೆ, ಕುದುರೆಗಳನ್ನೇ ರಂಗದ ಮೇಲೆ ತರುವಷ್ಟು ಬೆಳೆಯಿತು. ಅಂಥ ವೈಭವದ ನಡುವೆಯೂ ಇಡೀ ನಾಟಕ ರಂಗದ ಮುಂದೆ ಕೂತ ಪೇಟಿ ಮಾಸ್ತರರ ಕೈಯಲ್ಲಿ ಇರುತ್ತಿತ್ತು. ಕಾಲು ಪೇಟಿ ಯಾಕೆ ಬಂತು ಹೇಳು. ಕಾಲಲ್ಲಿ ತಿದಿ ಒತ್ತಿದರೆ ಎರಡು ಕೈಯೂ ಖಾಲಿ. ಮೈಕ್ ಇಲ್ಲದ ಕಾಲದಲ್ಲಿ ಟೆಂಟಿನ ಕೊನೆಯವರೆಗೂ ಕೇಳಬೇಕಲ್ಲ. ಹಾಡುವವರೂ ಅಷ್ಟೇ, ಶ್ರುತಿ ಏರಿಸಿಕೊಂಡು ಹಾಡುತ್ತಿದ್ದರು. ಜನ ಒನ್ಸ್ ಮೋರ್ ಅಂದರೆ ಸತ್ತು ಬಿದ್ದ ಪಾತ್ರಧಾರಿ ಎದ್ದು ಬಂದು ಇನ್ನೊಮ್ಮೆ ಹಾಡಿ, ಮತ್ತೆ ಹೋಗಿ ಬಿದ್ದುಕೊಂಡ ಕಥೆಗಳನ್ನು ನಾವಿಬ್ಬರೂ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಜನ ನಗುತ್ತಾರೆ ಆ ಕಥೆಗೆ. ನನಗೆ ಮಾತ್ರ ಅದರಲ್ಲಿ ಪೇಟಿ ಮಾಸ್ತರರೇ ಕಾಣುತ್ತಾರೆ. ಯಾವ ಕ್ಷಣದಲ್ಲಿ ಜನ ಏನು ಕೇಳಿದರೂ ಅವರು ತಯಾರಿರಬೇಕಿತ್ತು.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪಿಸಿಕೋ. ಆಶ್ರಮದ ಮಕ್ಕಳ ಊಟ, ಪಾಠಕ್ಕೆ ಆಸರೆಯಾಗಲಿ ಅಂತ ಅಲ್ಲಿ ನಾಟಕ ಕಂಪನಿಯನ್ನೇ ನಡೆಸಿದರು. ಆಶ್ರಮದ ಗುರುಗಳಾದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರೇ ನಾಟಕ ಬರೆದರು, ಪೇಟಿ ನುಡಿಸಿದರು. ಕಣ್ಣಿಲ್ಲದವರು ಪಾತ್ರಧಾರಿಯ ಮುಖ ನೋಡಿ ಶ್ರುತಿ ಕೊಡಲು ಆಗುತ್ತದಾ? ಮಾತಿನ ಏರಿಳಿತ, ಉಸಿರಿನ ಸದ್ದು, ಇಷ್ಟರಲ್ಲೇ ಹಿಡಿಯಬೇಕು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ರಂಗಸಂಗೀತ ಅಂದರೆ ಮೊದಲು ಕಿವಿ, ಆಮೇಲೆ ಬೆರಳು ಅಂತ ನಾನು ನಂಬಿರುವುದು ಇದರಿಂದಲೇ.

ಆಮೇಲೆ ರಂಗ ನಿರ್ದೇಶಕ ಕಾರಂತರು ಬಂದರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು, ಆ ಸಂಗೀತವನ್ನು ಒಳಗಿನಿಂದ ಬಲ್ಲವರು. ಕಂಪನಿ ನಾಟಕದಲ್ಲಿ ಹಾಡು ಬಂದರೆ ಕಥೆ ನಿಂತು ಹಾಡು ಕೇಳುತ್ತಿತ್ತು. ಕಾರಂತರು ಹಾಡಿನ ಕೈಯಲ್ಲೇ ಕಥೆ ನಡೆಸಿದರು. ಜಿ.ಬಿ. ಜೋಶಿಯವರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ತಂದು ಕೂಡಿಸಿದ್ದು ಗೊತ್ತಲ್ಲ ನಿನಗೆ. ಕೈಗೆ ಸಿಕ್ಕಿದ್ದರಿಂದೆಲ್ಲ ಸದ್ದು ಹೊರಡಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಸಂಗೀತ ಕಲಿಯದ ನಟರ ಬಾಯಲ್ಲೂ ಹಾಡಿಸಿದರು. ಈ ಹೊಸ ನಾಟಕದವರು ಅವರಿಂದ ಇದನ್ನು ಕಲಿತಿದ್ದಾರೆ. ಜೊತೆಗೆ ಅದಕ್ಕೂ ಹಿಂದಿನ ಪೇಟಿಯನ್ನೂ ಕೈಬಿಟ್ಟಿಲ್ಲ. ಎರಡೂ ಒಂದೇ ಕಡೆ ಸಿಕ್ಕಿದ್ದು ನನಗೆ ಅಪರೂಪ ಅನ್ನಿಸಿತು.

ಪಾತ್ರಧಾರಿಗಳ ಬಗ್ಗೆ ಹೇಳಲೇ ಇಲ್ಲ ನೋಡು. ನಾಯಕಿ ಮಾಡಿರುವವರು ಹಗಲು ಶಾಲೆಯಲ್ಲಿ ಪಾಠ ಹೇಳುತ್ತಾರೆ. ಸಂಜೆಗೆ ಗಂಟಲು ಅರ್ಧ ಸವೆದಿರುತ್ತದೆ. ಹಾಗಾಗಿ ಮೊದಲ ಹಾಡನ್ನು ಅವರಿಗೆ ಕೆಳಗಿನ ಸ್ವರಗಳಲ್ಲೇ ಕಟ್ಟಿದ್ದಾರೆ. ಗಂಟಲು ಬೆಚ್ಚಗಾದ ಮೇಲೆ, ಮೂರನೇ ಹಾಡಿನಲ್ಲಿ ತಾರ ಷಡ್ಜ, ಅಂದರೆ ಮೇಲಿನ ಸ, ಮುಟ್ಟಿಸುತ್ತಾರೆ. ಪಾತ್ರಧಾರಿಯ ದಿನಚರಿ ನೋಡಿ ರಾಗ ಹಾಕಿದ ಸಂಗೀತ ನಿರ್ದೇಶಕನ ಮೇಲೆ ನನಗೆ ತುಂಬಾ ಗೌರವ ಬಂತು. ನಾಯಕನ ದನಿ ಅಷ್ಟಕ್ಕಷ್ಟೇ. ಆದರೆ ಮಾತಿನ ಸ್ಪಷ್ಟತೆ ಎಷ್ಟು ಚೆನ್ನಾಗಿದೆ ಅಂದರೆ, ಹಾಡಿನ ಒಂದು ಅಕ್ಷರವೂ ಕೈತಪ್ಪುವುದಿಲ್ಲ. ನಾಟಕದ ಹಾಡಿಗೆ ಅದು ದೊಡ್ಡ ಗುಣ.

ಗುಂಪಿನಲ್ಲಿ ಒಬ್ಬ ಹುಡುಗ ಇದ್ದಾನೆ. ಪೊಲೀಸ್ ಆಗುತ್ತಾನೆ, ಬಳೆಗಾರ ಆಗುತ್ತಾನೆ, ಟಿಕೆಟ್ ಹರಿಯುವವನೂ ಅವನೇ. ಯಾರಿಗಾದರೂ ಹುಷಾರಿಲ್ಲದಿದ್ದರೆ ಇರಲಿ ಅಂತ ಉಳಿದ ಗಂಡು ಪಾತ್ರಗಳ ಮಾತು, ಹಾಡು ಎಲ್ಲವನ್ನೂ ಬಾಯಿಪಾಠ ಮಾಡಿದ್ದಾನಂತೆ. ನಾಟಕ ಮುಗಿದ ಮೇಲೆ ಮಾತಾಡಿಸಿದೆ. ‘ಪಾತ್ರ ಬಂದರೆ ಮಾಡುತ್ತೇನೆ, ಬರದಿದ್ದರೆ ಒಳಗೆ ನಿಂತು ಕೋರಸ್ ಹಾಡುತ್ತೇನೆ’ ಅಂದ. ಅಷ್ಟೇ ಅವನ ಉತ್ತರ. ಒಳಗೆ ನಿಂತು ಹಾಡುವಾಗಲೂ ಪೂರ್ತಿ ವೇಷದಲ್ಲೇ ಇರುತ್ತಾನೆ. ಬ್ರೋಷರಿನಲ್ಲಿ ಇಂಥವರ ಹೆಸರು ಕೊನೇ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನೀನು ಹಾಗೆ ಮಾಡಬೇಡ, ದಯವಿಟ್ಟು.

ಪೇಟಿ ಹುಡುಗಿಯನ್ನು ನೋಡುವಾಗ ಇನ್ನೊಂದು ಖುಷಿಯೂ ಆಯಿತು. ಕಂಪನಿಗಳಲ್ಲಿ ಪೇಟಿಯ ಮುಂದೆ ಹೆಚ್ಚಾಗಿ ಗಂಡಸರೇ ಕೂರುತ್ತಿದ್ದರು. ಆರ್. ನಾಗರತ್ನಮ್ಮ 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರವನ್ನೂ ತಾವೇ ಮಾಡಿ ತೋರಿಸಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ದನಿಯೊಂದರಿಂದಲೇ ರಂಗ ತುಂಬುತ್ತಾರೆ. ಆ ಸಾಲಿನಲ್ಲಿ ಪೇಟಿ ಹಿಡಿದು ಇಡೀ ನಾಟಕ ನಡೆಸುವ ಹುಡುಗಿಯರೂ ಜಾಸ್ತಿ ಬರಲಿ.

ತಪ್ಪುಗಳೂ ಇವೆ. ಮೊದಲ ಅರ್ಧ ಎಳೆದಿದ್ದಾರೆ. ಜಾತ್ರೆಯ ಹಾಡು ಕೇಳಲು ಸೊಗಸು, ಆದರೆ ಅದರಲ್ಲಿ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅದನ್ನು ಅರ್ಧ ಮಾಡಬೇಕು. ಕೆಲವು ಕಡೆ ಧೋಲಕ್ ಮಾತನ್ನು ನುಂಗುತ್ತದೆ. ಅದು ನುಡಿಸುವವನ ತಪ್ಪಲ್ಲ. ಧೋಲಕಿಗೆ ಮೈಕೇ ಬೇಕಾಗಿರಲಿಲ್ಲ. ಕಾಲರ್ ಮೈಕುಗಳು ಬಟ್ಟೆಗೆ ಉಜ್ಜಿ ಕರಕರ ಅನ್ನುವುದೂ ಇತ್ತು. ನನ್ನ ಕೇಳಿದರೆ ಸಣ್ಣ ರಂಗಮಂದಿರದಲ್ಲಿ ಮೇಲಿನಿಂದ ಇಳಿಬಿಟ್ಟ ಎರಡು ಮೈಕ್ ಸಾಕು. ಮೇಳವೂ ದನಿಯೂ ಒಂದೇ ಗಾಳಿಯಲ್ಲಿ ಕೂಡಿಕೊಂಡು ಬರಬೇಕು.

ನಿನ್ನ ಕಷ್ಟ ನನಗೆ ಗೊತ್ತು. ದುಡ್ಡಿಲ್ಲ. ಊರೂರಿಗೆ ಪ್ರಯೋಗ ಅಂತ ಹೊರಟರೆ ಮೇಳದವರಿಗೆ ಊಟ, ವಸತಿ, ಬಸ್ ಚಾರ್ಜ್. ಟ್ರ್ಯಾಕ್ ಆದರೆ ಒಂದು ಪೆನ್ ಡ್ರೈವ್. ಆದರೆ ಸ್ಟುಡಿಯೋಗೆ ಕೊಡುವ ದುಡ್ಡನ್ನೂ ಲೆಕ್ಕ ಹಾಕು. ಕೀಬೋರ್ಡು, ಕೊಳಲು, ವಯಲಿನ್ ಯಾವುದೂ ಬೇಡ. ಒಂದು ಪೇಟಿ, ಒಂದು ಧೋಲಕ್, ಇಷ್ಟರಲ್ಲೇ ಶುರು ಮಾಡು. ತಾಳ, ದಮ್ಮಡಿ, ಗೆಜ್ಜೆಯನ್ನು ಗುಂಪಿನವರ ಕೈಗೆ ಕೊಡು. ರಂಗದ ಮೇಲೆ ಕೆಲಸ ಇಲ್ಲದಾಗ ಅವರು ಮೇಳದಲ್ಲಿ ಬಂದು ಕೂರಲಿ. ಇವರೂ ಹಾಗೇ ಮಾಡಿದ್ದಾರೆ. ಮಳೆಯ ದೃಶ್ಯದಲ್ಲಿ ಒಬ್ಬಳು ಮೊರದಲ್ಲಿ ರಾಗಿ ಹಾಕಿಕೊಂಡು ಮೆಲ್ಲಗೆ ಆಡಿಸುತ್ತಾಳೆ. ರೆಕಾರ್ಡ್ ಮಾಡಿದ ಮಳೆಗಿಂತ ಅದೇ ಚೆನ್ನ. ಮಾತು ಜೋರಾದರೆ ಅವಳ ಕೈ ನಿಧಾನವಾಗುತ್ತದೆ, ಮೌನವಾದರೆ ಮಳೆ ಬಲಿಯುತ್ತದೆ.

ಇನ್ನೊಂದು. ಪೇಟಿಯವರನ್ನು ಕೊನೇ ವಾರಕ್ಕೆ ಕರೆಸಬೇಡ. ಮೊದಲ ದಿನದ ಓದಿನಿಂದಲೇ ಜೊತೆಗೆ ಕೂರಿಸಿಕೋ. ಪಾತ್ರಧಾರಿ ಯಾವ ಪದಕ್ಕೆ ತಡವರಿಸುತ್ತಾನೆ, ಎಲ್ಲಿ ಉಸಿರು ಸಾಲುವುದಿಲ್ಲ, ಇದೆಲ್ಲ ಅವರ ಕಿವಿಗೆ ಬೀಳಬೇಕು. ಈ ಹುಡುಗಿ ಮೊದಲ ಓದಿನಲ್ಲಿ ಪೇಟಿ ತೆರೆಯದೆ ಸುಮ್ನೆ ಕೇಳುತ್ತಾ ಕೂತಿದ್ದಳಂತೆ.

ನಾಟಕದ ಮುಂದಿನ ಪ್ರಯೋಗದ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ರಜೆ ಹಾಕಿ ಬಾ. ನಮ್ಮ ಮನೆಯಲ್ಲೇ ಉಳಿದುಕೋ. ನಾಟಕಕ್ಕೆ ಮುಂಚೆ ಅವರು ಶ್ರುತಿ ಕೂಡಿಸಿಕೊಳ್ಳುವಾಗ ಒಳಗೆ ಹೋಗಿ ಕೂರಲು ಕೇಳಿದ್ದೇನೆ, ಬನ್ನಿ ಅಂದಿದ್ದಾರೆ. ಅಷ್ಟರೊಳಗೆ ನೀನು ಒಂದು ಕೆಲಸ ಮಾಡು. ಸ್ಟುಡಿಯೋಗೆ ಅಡ್ವಾನ್ಸ್ ಕೊಡಬೇಡ. ನಿನ್ನ ಪಾತ್ರಧಾರಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಹಾಡಿಸಿ, ಯಾರ ಶ್ರುತಿ ಎಷ್ಟು, ಯಾರು ಎಲ್ಲಿಯವರೆಗೆ ಏರುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. ಪೇಟಿ ನುಡಿಸುವವರನ್ನು ಹುಡುಕುವ ಜವಾಬ್ದಾರಿ ನನ್ನದು.

ಪ್ರೀತಿಯಿಂದ,
ನಿನ್ನ ಗೆಳೆಯ