ಅದು ಬಸ್‌ಸ್ಟ್ಯಾಂಡ್ ಪಾರಿವಾಳ ಅಲ್ಲ ಸ್ವಾಮಿ!

ಮಾನ್ಯರೇ,

ನಮ್ಮ ರಸ್ತೆ ತಿರುವಿನ ಗುಳಮಾವಿನ ಮರ (ಹೆಸರಷ್ಟೇ ಮಾವು, ಇದು ಕಾಡುಮರ) ಕಡಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಸಂಚಾರಕ್ಕೆ ಅಲ್ಪ ವ್ಯತ್ಯಯ’ ಅಂತೆ. ಅಲ್ಪ ಅಂದರೆ ಎಷ್ಟು? ಸಂಜೆ ಮರ ಅಡ್ಡ ಕೆಡವಿ ಚಾ ಕುಡಿಯಲು ಹೋದ ಗುತ್ತಿಗೆದಾರನ ಜನ ಮರುದಿನ ಹತ್ತು ಗಂಟೆಗೆ ಬಂದರು. ತಂತಿ ಹರಿದು ಎರಡು ದಿನ ಕರೆಂಟಿಲ್ಲ. ತೋಟಕ್ಕೆ ನೀರು ಬಿಟ್ಟಿಲ್ಲ. ಡೈರಿಗೆ ಹೋಗಬೇಕಿದ್ದ ಹಾಲು ಮನೆಯಲ್ಲೇ ಒಡೆಯಿತು. ಅಮ್ಮನ ಬಿಪಿ ಮಾತ್ರೆಗೆ ನಾನು ಪೇಟೆಗೆ ನಡೆದೇ ಹೋಗಿ ಬಂದೆ.

ಅದೂ ಹೋಗಲಿ. ಆ ಮರಕ್ಕೆ ಇಂಪೀರಿಯಲ್ ಪಾರಿವಾಳ, ಅಂದರೆ ಹಣ್ಣು ತಿನ್ನುವ ಕಾಡಿನ ದೊಡ್ಡ ಪಾರಿವಾಳ, ಬರುತ್ತಿತ್ತಲ್ಲ ಸಾರ್ ಎಂದರೆ ಅರಣ್ಯ ಇಲಾಖೆಯ ಸಾಹೇಬರು ಹೇಳಿದ್ದು: ‘ಪಾರಿವಾಳಕ್ಕೇನ್ರೀ ಬರ? ಬಸ್‌ಸ್ಟ್ಯಾಂಡ್ ತುಂಬ ಇವೆ.’

ಭೇಷ್! ಬಸ್‌ಸ್ಟ್ಯಾಂಡಿನದು ಕಾಳು ತಿಂದು ತಗಡಿನ ಸಂದಿಯಲ್ಲಿ ಎರಡು ಮೊಟ್ಟೆ ಇಡುತ್ತದೆ. ಈ ಇಂಪೀರಿಯಲ್‌ಗಳಿಗೆ ದೊಡ್ಡ ಮರ ಬೇಕು, ಹಣ್ಣು ಬೇಕು, ಸಾಮಾನ್ಯವಾಗಿ ಇಡುವುದೇ ಒಂದು ಮೊಟ್ಟೆ. ಗುಳಮಾವು, ರಾಮಪತ್ರೆ (ಜಾಯಿಕಾಯಿ ಬಳಗದ ಕಾಡುಮರ) ಹಣ್ಣನ್ನು ಇಡಿಯಾಗಿ ನುಂಗಿ, ಬೀಜವನ್ನು ದೂರ ಒಯ್ದು ಉದುರಿಸುತ್ತವೆ. ಇಲಾಖೆಯ ಸಸಿ ನೆಡುವ ಕೆಲಸ, ಬಿಲ್ ಇಲ್ಲದೆ!

ಅದರಲ್ಲೂ ಎರಡು ಬಗೆ. ಬೆನ್ನು ಬಾಲ ಮಿರಮಿರ ಹಸಿರು, ತಲೆ ಎದೆ ಬೂದು ಇದ್ದರೆ ಹಸಿರು ಇಂಪೀರಿಯಲ್. ಇದು ತಗ್ಗಿನ ಕಾಡಿನದು. ಬೆನ್ನು ಕಂದು, ಬಾಲದ ತುದಿಗೆ ಬೂದು ಪಟ್ಟಿ ಇದ್ದರೆ ಬೆಟ್ಟದ ಇಂಪೀರಿಯಲ್. ಮೇಲಿನ ನಿತ್ಯಹಸಿರು ಕಾಡಿನಲ್ಲಿದ್ದು, ಮರ ಹಣ್ಣು ಬಿಟ್ಟಾಗ ಕೆಳಗೂ ಇಳಿಯುತ್ತದೆ. ಚೆಕ್‌ಪೋಸ್ಟಿನ ಬೋರ್ಡಿನಲ್ಲಿ ಹೆಸರು ಬೆಟ್ಟದ್ದು, ಫೋಟೊ ಹಸಿರಿನದು. ಉದ್ಘಾಟನೆಗೆ ಮಾತ್ರ ಮೂರು ಜೀಪು, ಒಂದು ಶಾಮಿಯಾನ.

ಇದರಲ್ಲೇನು ಅಂತೀರಾ? ಹಸಿರಿನದಕ್ಕೆ ಬೇಟೆ, ಕಾಡುನಾಶ ಎರಡರ ಕಾಟ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಜಗತ್ತಿನ ಕೆಂಪು ಪಟ್ಟಿಯಲ್ಲಿ ಈಗ ‘ಅಪಾಯದಂಚಿಗೆ ಸಮೀಪ’ ಎಂದೇ ಇದೆ. ಬೆಟ್ಟದ್ದಕ್ಕೆ ಚಿಂತೆ ಕಡಿಮೆ ಎನ್ನುತ್ತಾರೆ. ಯಾಕೆಂದರೆ ಅದರ ಬಳಗ ಹಿಮಾಲಯದಿಂದ ಜಾವಾದವರೆಗೂ ಇದೆ. ಆದರೆ ನಮ್ಮ ಪಶ್ಚಿಮ ಘಟ್ಟದ್ದು ಆ ಬಳಗದಿಂದ ದೂರ, ಒಂಟಿ. ಬೇರೆ ಜಾತಿಯೇ ಎನ್ನುವ ತಜ್ಞರೂ ಇದ್ದಾರೆ. ಹಿಮಾಲಯದಲ್ಲಿ ಹಕ್ಕಿ ಇದೆ ಅಂತ ಇಲ್ಲಿ ಮರ ಕಡಿಯಬಹುದಾ? ಪಕ್ಕದ ಮನೆಯಲ್ಲಿ ಊಟ ಇದೆ, ನೀವು ಉಪವಾಸ ಇರಿ ಅಂದ ಹಾಗಾಯಿತು.

1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಕ್ಕಿಗೆ ಕೋವಿ ಹಿಡಿದರೆ ಕೇಸು. ಸರಿಯೇ. ಅದು ತಿನ್ನುವ ಮರಕ್ಕೆ ಗರಗಸ ಹಿಡಿದರೆ ಟೆಂಡರು! ಅಗರಬತ್ತಿಗೆಂದು ಗುಳಮಾವಿನ ತೊಗಟೆ ಸುಲಿದು ಮರ ಒಣಗಿಸಿದಾಗಲೂ ಅರ್ಜಿ ಕೊಟ್ಟಿದ್ದೆವು. ರಾಮಪತ್ರೆಗೆಂದು ಕೊಂಬೆಯನ್ನೇ ಕಡಿದು ಒಯ್ದಾಗಲೂ ಕೊಟ್ಟಿದ್ದೆವು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ನಮ್ಮ ಮೋರಿ ಎರಡು ಮಳೆಗಾಲದಿಂದ ಪರಿಶೀಲನೆಯಲ್ಲೇ ಕಟ್ಟಿಕೊಂಡಿದೆ. ಅದೇ ನಮ್ಮ ಕೊಟ್ಟಿಗೆಯ ದಬ್ಬೆಗೆ ಒಣಮರ ಕೇಳಿದರೆ ನೂರೆಂಟು ಕಾಗದ.

ಆ ಬೋರ್ಡನ್ನು ಸರಿ ಮಾಡಿ, ಇಲ್ಲ ಕಿತ್ತು ಒಲೆಗೆ ಹಾಕಿ. ಉಳಿದ ಮರ ಮುಟ್ಟಬೇಡಿ, ಮುಟ್ಟುವುದಾದರೆ ನಮಗೆ ಮೊದಲು ಹೇಳಿ. ಸಾಹೇಬರು ಒಮ್ಮೆ ಜೀಪಿನಿಂದ ಇಳಿದು ತಲೆ ಎತ್ತಿ ನೋಡಲಿ. ಹಕ್ಕಿ ಕಾಣದಿದ್ದರೂ ಜೋತಾಡುವ ತಂತಿಯಾದರೂ ಕಂಡೀತು.

– ತಿರುವಿನ ಮನೆಯ ಅಡಿಕೆ ಬೆಳೆಗಾರ