ಮಿಲ್ಟ್ರಿ ತಾತನ ಹೆಸರು ಎಲ್ಲಿದೆ?

ಯುದ್ಧಗಳಲ್ಲಿ ಮಡಿದವರನ್ನು ನೆನೆಯುವ ನವೆಂಬರ್ 11ಕ್ಕೆಂದು ಕನ್ನಡ ತರಗತಿಯ ಮಕ್ಕಳು ಕೆಂಪು ಕಾಗದದ ಹೂ ಕತ್ತರಿಸುತ್ತಿದ್ದಾಗ ಒಬ್ಬಳು ಕೇಳಿದಳು: "ಕೋಲಾರದ ಕಡೆಯಿಂದ ಯಾರೂ ಯುದ್ಧಕ್ಕೆ ಹೋಗಿರ್ಲಿಲ್ವಾ?"

ಹೋಗಿದ್ದರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆ ಬರ್ಮಾ, ಇಟಲಿಗಳಲ್ಲಿ ದುಡಿಯಿತು. ಊರಲ್ಲಿ ಉಳಿದದ್ದು "ಮಿಲ್ಟ್ರಿ ತಾತ" ಎಂಬ ಮಾತು ಮಾತ್ರ.

ಹುಡುಕುವವರು ಮೊದಲು ಮನೆಯ ಟ್ರಂಕು ತೆಗೆಸಿ. ಪದಕದ ಅಂಚಿನಲ್ಲಿ ನಂಬರು, ಹೆಸರು, ಪಲ್ಟನ್ನು ಸಣ್ಣಕ್ಷರದಲ್ಲಿ ಕೆತ್ತಿರುತ್ತಾರೆ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಿಸಬೇಡಿ! ಅಂಚು ಸವೆದರೆ ನಂಬರು ಹೋಯಿತು, ನಂಬರು ಹೋದರೆ ನೂರು ಮುನಿಯಪ್ಪಂದಿರಲ್ಲಿ ನಿಮ್ಮವರು ಯಾರೆಂದು ತಿಳಿಯದು. ಬೆಳಕು ಓರೆಯಾಗಿ ಬೀಳುವಂತಿಟ್ಟು ಅಂಚಿನ ಸುತ್ತ ಫೋಟೋ ತೆಗೆಸಿ.

ಆಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ನೋಂದಣಿ, ಅಂದರೆ ಎರಡು ಮಹಾಯುದ್ಧಗಳಲ್ಲಿ ಸತ್ತವರ ಹೆಸರಿನ ಪಟ್ಟಿ ನೋಡಿ. ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಬಾಗೇಪಲ್ಲಿಯವರನ್ನೂ ಕೋಲಾರ, ಮೈಸೂರು ಸಂಸ್ಥಾನ ಎಂದೇ ಹುಡುಕಬೇಕು. ತುಮಕೂರಿಗೆ ಹಳೆಯ ಇಂಗ್ಲಿಷ್ ಸ್ಪೆಲ್ಲಿಂಗು (Tumkur). ಮನೆತನದ ಹೆಸರಿಲ್ಲದವರ ಒಂದೇ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಮುನಿಯಪ್ಪನನ್ನು 'ವೈ' ಇಟ್ಟೂ ನೋಡಿ, ಬಿಟ್ಟೂ ನೋಡಿ.

ಸಮಾಧಿಗೆಂದು ಅಲೆಯಬೇಡಿ. ಹಿಂದೂ ಸಿಪಾಯಿಗಳಲ್ಲಿ ಹೆಚ್ಚಿನವರಿಗೆ ದಹನವೇ, ಹಾಗಾಗಿ ಇರುವುದು ಗೋಡೆಯ ಮೇಲಿನ ಹೆಸರು. ಬರ್ಮಾದಲ್ಲಿ ತೀರಿಕೊಂಡವರದು ರಂಗೂನಿನ ಹೊರಗಿನ ತೌಕ್ಯಾನ್‌ನಲ್ಲಿ, ಮಲಯಾದವರದು ಸಿಂಗಪುರದ ಕ್ರಾಂಜಿಯಲ್ಲಿ. ಈಜಿಪ್ಟ್, ಪ್ಯಾಲೆಸ್ತೀನ್‌ಗಳಲ್ಲಿ ಮೊದಲ ಯುದ್ಧದಲ್ಲಿ ಸತ್ತವರ ಸ್ಮಾರಕ ಸೂಯೆಜ್ ದಡದಲ್ಲಿತ್ತು. 1967ರ ನಂತರದ ಕಾಳಗಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋದ ಹೀಲಿಯೊಪೊಲಿಸ್‌ನಲ್ಲಿ ಹೊಸದು ಎದ್ದಿತು. ಇದು ತಿಳಿಯದೆ ಸೂಯೆಜ್‌ಗೆ ಟಿಕೆಟ್ ತೆಗೆಸಿದರೆ ದುಡ್ಡು ದಂಡ.

ನೋಂದಣಿಯಲ್ಲಿ ಸತ್ತ ತಾರೀಖೂ ಇರುತ್ತದೆ. ತಿಥಿ ಗೊತ್ತಿಲ್ಲವೆಂದು ಮಹಾಲಯ ಅಮಾವಾಸ್ಯೆಗೇ ಎಡೆ ಇಡುತ್ತ ಬಂದ ಮನೆಯವರಿಗೆ ಅದನ್ನು ಮೊದಲು ಫೋನು ಮಾಡಿ ಹೇಳಿ. ಪದಕಕ್ಕಿಂತ ಅವರಿಗೆ ಅದು ದೊಡ್ಡದು.

ಇನ್ನು ನಮ್ಮ ಕೂಟದ ಸುದ್ದಿ, ಅವಸರದಲ್ಲಿ: ರಾಜ್ಯೋತ್ಸವ ಶನಿವಾರ ಸಂಜೆ 4ಕ್ಕೆ. ಮನೆಗೊಂದು ಪಾತ್ರೆ ಬಿಸಿಬೇಳೆಬಾತ್ ಅಥವಾ ಮೊಸರನ್ನ. ಹೋದ ಸಲ ಎಲ್ಲರೂ ಬಾತೇ ತಂದಿದ್ದರು, ಈ ಸಲ ಹಾಳೆಯಲ್ಲಿ ಬರೆದು ಹಂಚಿಕೊಳ್ಳಿ. ಕೋಲಾಟದ ಅಭ್ಯಾಸ ಭಾನುವಾರ, ಕೋಲು ನೀವೇ ತನ್ನಿ. ಪದಕದ ಫೋಟೋಗಳು 20ರೊಳಗೆ ಬಂದರೆ ಮುಂದಿನ ಸಂಚಿಕೆಗೆ. ಪುಟ ಜೋಡಿಸಲು, ಕರಡು ತಿದ್ದಲು ಯಾರಾದರೊಬ್ಬರು ಬನ್ನಿ, ಈ ಸಂಚಿಕೆಯೂ ರಾತ್ರಿ ಒಂದು ಗಂಟೆಗೇ ಮುಗಿಯುತ್ತಿದೆ.